ಹಿಂದಿನ ಬಾರ್ ಬದಲಿಸಿ, ಮುಂದಿನದನ್ನು ಮುಟ್ಟಬೇಡಿ

ಈ ಸಲದ ಪತ್ರಗಳಲ್ಲಿ ಸ್ವೇ ಬಾರ್, ಅಂದರೆ ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳಿನ ಬಗ್ಗೆಯೇ ನಾಲ್ಕು ಬಂದಿವೆ. ಉಳಿದವರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟುಕೊಂಡಿದ್ದೇನೆ, ಬೇಸರ ಮಾಡ್ಕೋಬೇಡಿ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಅದನ್ನು ಪೂರ್ತಿ ಓದಿದರೆ ಮಿಕ್ಕ ಮೂವರ ಸಮಸ್ಯೆಯೂ ಸುಲಭವಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನಮಸ್ಕಾರ ಸರ್. ನನ್ನದು 2018ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕೆಲಸ ಬೆಂಗಳೂರಿನಲ್ಲಿ, ಊರು ಉಜಿರೆ. ಅಮ್ಮನನ್ನು ಕರೆದುಕೊಂಡು ಆಗಾಗ ಚಾರ್ಮಾಡಿ ಮೇಲೆ ಹೋಗಿ ಬರುತ್ತೇನೆ. ಘಾಟಿಯ ತಿರುವಿನಲ್ಲಿ ಸ್ವಲ್ಪ ಸ್ಪೀಡ್ ಇದ್ದರೆ ಗಾಡಿಯ ಮೂತಿ ಹೊರಗಡೆಗೆ ಹೋಗುತ್ತದೆ, ಸ್ಟೀರಿಂಗ್ ಇನ್ನಷ್ಟು ತಿರುಗಿಸಬೇಕಾಗುತ್ತದೆ. ಗಾಡಿ ವಾಲುತ್ತದೆ, ಹಿಂದೆ ಕೂತ ಅಮ್ಮನಿಗೆ ವಾಂತಿ. ಸ್ನೇಹಿತರೊಬ್ಬರು ಮುಂದೆ ಹಿಂದೆ ಎರಡೂ ಕಡೆ ದಪ್ಪ ಸ್ವೇ ಬಾರ್ ಹಾಕಿಸು ಎನ್ನುತ್ತಾರೆ. ಯಾವ ಸೈಜ್ ತಗೊಳ್ಳಲಿ? ಗಾಡಿ ಕುಲುಕಾಟ ಜಾಸ್ತಿ ಆಗುತ್ತಾ? ನಾನೇ ಹಾಕಬಹುದಾ? ಆರ್‌ಟಿಒ ತೊಂದರೆ ಏನಾದರೂ ಇದೆಯಾ?

– ಬೆಂಗಳೂರಿನ ಓದುಗರು

ಉತ್ತರ: ಮೊದಲು ಅಮ್ಮನ ವಿಷಯ ಹೇಳಿಬಿಡುತ್ತೇನೆ. ದಪ್ಪ ಬಾರ್ ಹಾಕಿದರೆ ಗಾಡಿ ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ವಾಂತಿ ನಿಲ್ಲುತ್ತದೆ ಅಂತ ನಾನು ಮಾತು ಕೊಡಲಾರೆ. ಬ್ರೇಕ್, ಪಿಕಪ್, ತಿರುವು, ಮತ್ತೆ ಬ್ರೇಕ್ – ಹೊಟ್ಟೆ ತೊಳಸುವುದು ಇದರಿಂದ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎದುರಿನ ರಸ್ತೆ ಕಾಣಲಿ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಒಂದೇ ಸಮನೆ ಹೋಗಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವುದಾದರೆ ಘಾಟಿ ಹತ್ತಿ ಬಂದ ಮೇಲೆ ತಿನ್ನಿ, ಇಳಿಯುವ ಮುಂಚೆ ಬೇಡ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಈಗ ಬಾರ್ ವಿಷಯಕ್ಕೆ ಬರೋಣ. ಯು ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲಿನ ಸರಳು ಅದು. ನಡುಭಾಗ ಎರಡು ಬುಶ್‌ಗಳೊಳಗೆ (ರಬ್ಬರಿನಂಥ ಹಿಡಿಕೆ ತುಂಡುಗಳು) ಸಬ್‌ಫ್ರೇಮಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಕೂತಿರುತ್ತದೆ. ಎರಡು ತುದಿಗಳು ಲಿಂಕ್ ರಾಡ್ ಮೂಲಕ ಎಡ ಬಲ ಚಕ್ರಗಳ ಕಡೆ ಹೋಗುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದು ಇಳಿದರೆ ಸರಳು ಬುಶ್ ಒಳಗೆ ಸುಮ್ನೆ ತಿರುಗುತ್ತದೆ, ಅಷ್ಟೇ. ಒಂದು ಎದ್ದು ಇನ್ನೊಂದು ಇಳಿದರೆ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಆಗ ಅದು ತಿರುಗಿ ಒತ್ತುತ್ತದೆ. ಗಾಡಿ ವಾಲುವುದನ್ನು ತಡೆಯುವುದು ಆ ಒತ್ತಡವೇ.

ಇಲ್ಲಿ ತುಂಬಾ ಜನ ತಪ್ಪು ತಿಳಿಯುವ ಒಂದು ಮಾತಿದೆ. ಬಾರ್ ದಪ್ಪ ಮಾಡಿದರೆ ಹಿಡಿತ ಹೆಚ್ಚುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಾಡಿ 1400 ಕೆಜಿ, ಅದರ ಭಾರದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರ, ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತಿಟ್ಟುಕೊಳ್ಳಿ. ಅರ್ಧ 'ಜಿ'ಯಷ್ಟು, ಅಂದರೆ ಗಾಡಿಯ ತೂಕದ ಅರ್ಧದಷ್ಟು ಬಲದಿಂದ, ಪಕ್ಕಕ್ಕೆ ಎಳೆಯುವ ತಿರುವಿನಲ್ಲಿ ಸುಮಾರು 250 ಕೆಜಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ನೀವು ಎಷ್ಟೇ ದಪ್ಪ ಬಾರ್ ಹಾಕಿ, ಈ 250 ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಅದರಲ್ಲಿ ಮುಂದಿನ ಜೋಡಿಯ ಪಾಲು ಎಷ್ಟು, ಹಿಂದಿನ ಜೋಡಿಯ ಪಾಲು ಎಷ್ಟು ಎನ್ನುವುದಷ್ಟೇ ಬದಲಾಗುತ್ತದೆ.

ಆ ಪಾಲಿನಲ್ಲೇ ಎಲ್ಲ ಇದೆ. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಅದರ ಹಿಡಿತ ಪೂರ್ತಿ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಆದ್ದರಿಂದ ಒಂದು ಜೋಡಿಯಲ್ಲಿ ಭಾರ ಹೊರಗಿನ ಚಕ್ರಕ್ಕೆ ಸರಿದಷ್ಟೂ ಆ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ. ಹಿಂದಿನ ಬಾರ್ ಗಟ್ಟಿ ಮಾಡಿದರೆ ಹಿಂದಿನ ಜೋಡಿ ಜಾಸ್ತಿ ಪಾಲು ಹೊರುತ್ತದೆ, ಅದರ ಹಿಡಿತ ತುಸು ಇಳಿಯುತ್ತದೆ. ಮುಂದಿನ ಜೋಡಿಗೆ ಅಷ್ಟು ಬಿಡುವು ಸಿಗುತ್ತದೆ, ಮೂತಿ ಹೇಳಿದ ಕಡೆ ತಿರುಗುತ್ತದೆ. ಮುಂದಕ್ಕೆ ಕೊಟ್ಟಿದ್ದು ಹಿಂದಿನಿಂದ ತೆಗೆದದ್ದು, ಇದನ್ನು ಮರೆಯಬೇಡಿ.

ನಿಮ್ಮ ಸ್ನೇಹಿತರು ಹೇಳಿದ ಹಾಗೆ ಮುಂದಿನದನ್ನೂ ದಪ್ಪ ಮಾಡಿದರೆ? ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ. 230 ಪಿಎಸ್ ಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್ ಎಲ್ಲ ಅದೇ ಎರಡು ಟೈರಿನ ಮೇಲೆ. ತಿರುಗಿಸಬೇಕಾದದ್ದೂ ಅವೇ. ಮುಂದಿನ ಬಾರ್ ಗಟ್ಟಿಯಾದರೆ ಒಳಗಿನ ಮುಂಚಕ್ರ ಇನ್ನಷ್ಟು ಹಗುರವಾಗುತ್ತದೆ, ಪಿಕಪ್ ಕೊಟ್ಟ ತಕ್ಷಣ ಅದು ಸುಮ್ನೆ ಸುತ್ತುತ್ತದೆ, ಮೂತಿ ಇನ್ನೂ ಹೊರಗೆ ಹೋಗುತ್ತದೆ. ವಾಲುವುದೇನೋ ಕಡಿಮೆಯಾಗುತ್ತದೆ, ಆದರೆ ನೀವು ದೂರು ಹೇಳಿದ ಅಂಡರ್‌ಸ್ಟಿಯರ್ (ಮೂತಿ ಹೊರಗೆ ಹೋಗುವುದು) ಅಲ್ಲೇ ಉಳಿಯುತ್ತದೆ. ಮೇಲಾಗಿ ಈ ಗಾಡಿಯಲ್ಲಿ ಮುಂದಿನ ಬಾರ್ ತೆಗೆಯಬೇಕೆಂದರೆ ಸಬ್‌ಫ್ರೇಮ್ ಇಳಿಸಬೇಕು, ಸ್ಟೀರಿಂಗ್ ಜಾಯಿಂಟ್ ಬಿಚ್ಚಬೇಕು, ಆಮೇಲೆ ಅಲೈನ್‌ಮೆಂಟ್ ಮಾಡಿಸಬೇಕು. ಅಷ್ಟೆಲ್ಲ ಮಾಡಿ ಸಿಗುವುದು ಬೇಡದ ಫಲ. ಮುಂದಿನದನ್ನು ಕಂಪನಿಯವರು ಕೊಟ್ಟ ಹಾಗೇ ಬಿಡಿ.

ಹಾಗಂತ ನಾಳೆಯೇ ಹಿಂದಿನ ಬಾರ್ ಆರ್ಡರ್ ಮಾಡಬೇಡಿ. ಟೈರ್ ನೋಡಿ. ನನ್ನ ಗ್ಯಾರೇಜಿರುವುದು ಚಿಕ್ಕಮಗಳೂರಿನಲ್ಲಿ. ಘಾಟಿ ಹತ್ತಿ ಬಂದು 'ಮೂತಿ ಹೊರಗೆ ಹೋಗುತ್ತೆ' ಎನ್ನುವ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಮುಂದಿನ ಟೈರಿಗೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವಾಗ ಅಗ್ಗದ ಟೈರ್ ಹಾಕಿ ಕೊಟ್ಟಿರುವುದೂ ಉಂಟು. ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಟೈರಿನ ಗೀರು ಎಷ್ಟೇ ಆಳ ಇದ್ದರೂ ಒದ್ದೆ ರಸ್ತೆಯಲ್ಲಿ ಪ್ರಯೋಜನವಿಲ್ಲ. ಗೀರಿನ ಆಳ 1.6 ಮಿಲಿಮೀಟರ್ ಆಗುವವರೆಗೆ ಓಡಿಸಬಹುದು ಅಂತ ಕಾನೂನು ಹೇಳುತ್ತದೆ. ಮಳೆಗಾಲದ ಚಾರ್ಮಾಡಿಗೆ ನಾನು 3ಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಗಾಳಿ ಎಷ್ಟಿರಬೇಕು ಎನ್ನುವುದು ಪೆಟ್ರೋಲ್ ಮುಚ್ಚಳದ ಒಳಗಿನ ಚೀಟಿಯಲ್ಲಿದೆ. ಬಂಕಿನ ಹುಡುಗ ಅಂದಾಜಿನ ಮೇಲೆ ಹೊಡೆದದ್ದನ್ನು ನಂಬಬೇಡಿ, ತಣ್ಣಗಿರುವಾಗ ನೀವೇ ಅಳೆಯಿರಿ.

ಆಮೇಲೆ ಲಿಂಕ್ ರಾಡ್ ಮತ್ತು ಬುಶ್. ನಮ್ಮ ರಸ್ತೆಗಳಲ್ಲಿ ಇವು ಬೇಗ ಸವೆಯುತ್ತವೆ. ಲಿಂಕಿನ ಬಾಲ್ ಜಾಯಿಂಟ್ ಸಡಿಲವಾಗಿದ್ದರೆ ಗಾಡಿ ಸ್ವಲ್ಪ ವಾಲುವ ತನಕ ಬಾರ್ ಕೆಲಸವನ್ನೇ ಶುರು ಮಾಡುವುದಿಲ್ಲ. ಹೊಸ ಲಿಂಕ್, ಹೊಸ ರಬ್ಬರ್ ಬುಶ್ ಹಾಕಿದ ಮೇಲೆ 'ಇಷ್ಟೇ ಸಾಕು' ಅಂತ ಹೇಳಿ ಹೋದವರು ನಮ್ಮಲ್ಲಿ ತುಂಬಾ ಜನ. ಜೊತೆಗೆ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯಾ ನೋಡಿ, ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ. ಇಷ್ಟೂ ಸರಿಯಿದ್ದು ಆಮೇಲೂ ಮೂತಿ ಹೊರಗೆ ಹೋದರೆ ಬಾರ್ ಬಗ್ಗೆ ಮಾತಾಡೋಣ.

ಸೈಜ್ ವಿಷಯದಲ್ಲಿ ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಸರಳಿನ ಗಟ್ಟಿತನ ವ್ಯಾಸದ ನಾಲ್ಕನೇ ಘಾತದ ಹಾಗೆ ಏರುತ್ತದೆ. 20 ಮಿಲಿಮೀಟರ್ ಬಾರ್ ಇದ್ದ ಕಡೆ 22 ಹಾಕಿದರೆ ಎರಡೇ ಮಿಲಿಮೀಟರ್ ಅಲ್ವಾ ಅನಿಸುತ್ತದೆ, ಆದರೆ ಗಟ್ಟಿತನ ಶೇ 46 ಏರಿತು. 24 ಹಾಕಿದರೆ ಎರಡು ಪಟ್ಟು ದಾಟಿತು. ಅಂಗಡಿಯಲ್ಲಿ 'ಇನ್ನೂ ದಪ್ಪದ್ದಿದೆ ಸರ್' ಅಂತ ತೋರಿಸುವಾಗ ಈ ಲೆಕ್ಕ ನೆನಪಿರಲಿ. ನಿಮ್ಮ ಗಾಡಿಯಲ್ಲಿ ಈಗಿರುವ ಬಾರನ್ನು ವರ್ನಿಯರ್ ಹಿಡಿದು ನೀವೇ ಅಳೆಯಿರಿ. ಇನ್ನೊಬ್ಬರ ಗಾಡಿಯ ಅಳತೆ ಬೇಡ, ಒಂದೇ ಮಾಡೆಲಿನಲ್ಲೂ ಬೇರೆ ಬೇರೆ ಬಾರ್ ಬಂದಿರುತ್ತವೆ.

ಟೊಳ್ಳು ಬಾರ್ ಬಗ್ಗೆ ಅನುಮಾನ ಬೇಡ. 24 ಮಿಲಿಮೀಟರ್ ಹೊರ ವ್ಯಾಸ, 4 ಮಿಲಿಮೀಟರ್ ಗೋಡೆ ಇರುವ ಟೊಳ್ಳು ಬಾರ್, ಅಷ್ಟೇ ದಪ್ಪದ ಗಟ್ಟಿ ಬಾರಿನ ಶೇ 80ರಷ್ಟು ಬಲ ಕೊಡುತ್ತದೆ. ತೂಕ ಮಾತ್ರ ಶೇ 56. ಆದರೆ ಎರಡನ್ನು ಹೋಲಿಸುವಾಗ ಹೊರ ವ್ಯಾಸ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಗೋಡೆಯ ದಪ್ಪವನ್ನೂ ಕೇಳಿ.

ನೀವು ತಗೊಳ್ಳಬೇಕಾದದ್ದು ತುದಿಯಲ್ಲಿ ಎರಡು ಅಥವಾ ಮೂರು ತೂತಿರುವ, ಹೊಂದಿಸಿಕೊಳ್ಳಬಹುದಾದ ಹಿಂದಿನ ಬಾರ್. ತುತ್ತತುದಿಯ ತೂತಿಗೆ ಲಿಂಕ್ ಹಾಕಿದರೆ ತೋಳು ಉದ್ದ, ಬಾರ್ ಮೆತ್ತಗೆ. ಒಳಗಿನ ತೂತಿಗೆ ಹಾಕಿದರೆ ತೋಳು ಗಿಡ್ಡ, ಬಾರ್ ಗಟ್ಟಿ. 200 ಮಿಲಿಮೀಟರ್ ತೋಳನ್ನು 180ಕ್ಕೆ ತಂದರೆ ತಿರುಚಿನ ಗಟ್ಟಿತನ ಹತ್ತಿರ ಹತ್ತಿರ ಕಾಲು ಭಾಗ ಏರುತ್ತದೆ. ನಿಮ್ಮ ಗಾಡಿಯ ತಳಹದಿ ಏಳನೇ ತಲೆಮಾರಿನ ಗಾಲ್ಫ್ ಜಿಟಿಐನದ್ದೇ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಶನ್ ಇದೆ, ಅಂದರೆ ಪ್ರತಿ ಚಕ್ರವನ್ನು ಹಲವು ತೋಳುಗಳು ಬೇರೆಯಾಗಿ ಹಿಡಿದಿರುತ್ತವೆ. ಆಸ್ಟ್ರೇಲಿಯಾದ ವೈಟ್‌ಲೈನ್, ಸೂಪರ್‌ಪ್ರೊ, ಜರ್ಮನಿಯ ಐಬಾಕ್, ಎಚ್ ಆ್ಯಂಡ್ ಆರ್ ಇಂಥವರು ಈ ತಳಹದಿಗೆ ಬಾರ್ ಮಾಡುತ್ತಾರೆ. ಚಾಸಿ ನಂಬರ್ ಕೊಟ್ಟು, 'ಮಲ್ಟಿಲಿಂಕ್, ಮುಂದಿನ ಚಕ್ರ ಎಳೆಯುವುದು' ಅಂತ ಬರೆದು ಕೇಳಿ. ಬಾರ್ ತೂಕದ ವಸ್ತು, ಉದ್ದವೂ ಹೌದು. ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಎರಡೂ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ತಪ್ಪು ಬಾರ್ ಬಂದರೆ ವಾಪಸ್ ಕಳಿಸುವುದು ಇನ್ನೂ ಕಷ್ಟ. ಬೆಸುಗೆ ಹಾಕಿ ಲೋಕಲ್ ಆಗಿ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಇದು ದಿನವಿಡೀ ತಿರುಚಿಕೊಳ್ಳುವ ಉಕ್ಕು. ಬೆಸುಗೆಯ ಪಕ್ಕದಲ್ಲೇ ಬಿರುಕು ಶುರುವಾಗುತ್ತದೆ.

ಕುಲುಕಾಟದ ಬಗ್ಗೆ ಕೇಳಿದ್ದೀರಿ. ಹಂಪನ್ನು ನೇರವಾಗಿ ದಾಟಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ ಚಕ್ರ ಒಟ್ಟಿಗೆ ಏಳುತ್ತವೆ ಅಲ್ವಾ. ಆದರೆ ಆರ್‌ಎಸ್ ತಗ್ಗಿನ ಗಾಡಿ. ಹಾಸನ, ಬೇಲೂರು ಕಡೆಯ ಎತ್ತರದ ಹಂಪುಗಳಲ್ಲಿ ಹೊಟ್ಟೆ ತಾಗಬಾರದೆಂದು ನೀವು ಗಾಡಿಯನ್ನು ಓರೆಯಾಗಿ ದಾಟಿಸುತ್ತೀರಿ. ಹಾಗೆ ದಾಟಿಸುವಾಗ ಒಂದೊಂದೇ ಚಕ್ರ ಏಳುತ್ತದೆ, ಬಾರ್ ಪೂರ್ತಿ ತಿರುಚಿಕೊಳ್ಳುತ್ತದೆ. ಒಳಗೆ ಕೂತವರ ತಲೆ ಎಡಕ್ಕೆ ಬಲಕ್ಕೆ ಎಸೆದ ಹಾಗೆ ಆಗುತ್ತದೆ. ಬಾರ್ ದಪ್ಪವಾದಷ್ಟೂ ಇದು ಜಾಸ್ತಿ. ಒಂದೇ ಕಡೆ ಗುಂಡಿ ಇರುವ ರಸ್ತೆಯಲ್ಲೂ ಹಾಗೇ. ಅಮ್ಮನನ್ನು ಯೋಚಿಸಿ ಮೆತ್ತನೆಯ ತೂತಿನಲ್ಲೇ ಶುರು ಮಾಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ನೀವೇ ಹಾಕಬಹುದಾ? ಪಾನಾ ಹಿಡಿದು ಅಭ್ಯಾಸವಿದ್ದರೆ, ಜೊತೆಗೆ ಇನ್ನೊಬ್ಬರಿದ್ದರೆ ಹಿಂದಿನ ಬಾರ್ ಹಾಕಬಹುದು. ಲಿಫ್ಟ್ ಇರುವ ಗ್ಯಾರೇಜಾದರೆ ಒಳ್ಳೆಯದು. ಮನೆಯಲ್ಲಾದರೆ ಸಮತಟ್ಟಾದ ಕಾಂಕ್ರೀಟ್ ನೆಲ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಒಂದು ಕಡೆ ಮಾತ್ರ ಎತ್ತಿದರೆ ಬಾರ್ ತಿರುಚಿಕೊಂಡು ನಿಂತಿರುತ್ತದೆ. ಆಗ ಲಿಂಕ್ ಬಿಚ್ಚಿದರೆ ಅದು ಚಿಮ್ಮಿ ಕೈಗೆ ಹೊಡೆಯುತ್ತದೆ. ಎರಡೂ ಚಕ್ರ ಒಂದೇ ಸಮ ನೇತಾಡುವಾಗ ಒತ್ತಡ ಇರುವುದಿಲ್ಲ.

ಲಿಂಕಿನ ನಟ್ ಬಿಚ್ಚುವಾಗ ಒಳಗಿನ ಬಾಲ್ ಜಾಯಿಂಟ್ ಸ್ಟಡ್ಡೂ ಜೊತೆಗೆ ಸುತ್ತುತ್ತದೆ. ಸ್ಟಡ್ಡನ್ನು ಒಂದು ಕೀಯಲ್ಲಿ ಹಿಡಿದು, ನಟ್ಟನ್ನು ರಿಂಗ್ ಸ್ಪ್ಯಾನರಿನಲ್ಲಿ ತಿರುಗಿಸಿ. ಇಂಪ್ಯಾಕ್ಟ್ ಗನ್ ಹಾಕಿದರೆ ಜಾಯಿಂಟಿನ ರಬ್ಬರ್ ಹರಿಯುತ್ತದೆ. ಹಳೆ ಬಾರ್ ಹೊರಗೆ ಬರಲು ಸೈಲೆನ್ಸರ್ ಅಡ್ಡ ಬಂದರೆ ಅದರ ರಬ್ಬರ್ ಹ್ಯಾಂಗರ್ ಕಳಚಿ, ಪೈಪನ್ನು ಯಾವುದಾದರೂ ಆಸರೆಯ ಮೇಲೆ ಇಳಿಸಿ, ನೇತಾಡಲು ಬಿಡಬೇಡಿ. ಹೆಡ್‌ಲೈಟ್ ಮಟ್ಟ ಹೊಂದಿಸುವ ಸೆನ್ಸರ್, ಎಬಿಎಸ್ ವೈರ್ ಎಲ್ಲಿ ಹೋಗಿದೆ ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಬಾರ್ ಜೊತೆ ಪಾಲಿಯುರೆಥೇನ್ ಬುಶ್ ಬರುತ್ತದೆ, ಜೊತೆಯಲ್ಲಿ ಒಂದು ಚಿಕ್ಕ ಪಾಕೆಟ್ ಗ್ರೀಸ್. ಅದನ್ನೇ ಬಳಸಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡ. ಬುಶ್ ಒಳಭಾಗ, ಬಾರ್ ಮೇಲೆ, ಬುಶ್ ಪಕ್ಕಗಳಿಗೂ ಧಾರಾಳವಾಗಿ ಹಚ್ಚಿ. ಬಾರ್ ಅಡ್ಡಡ್ಡ ಜರುಗದ ಹಾಗೆ ತಡೆಯುವ ಉಂಗುರಗಳು ಕಿಟ್‌ನಲ್ಲಿದ್ದರೆ ಅವನ್ನು ಬಿಡದೆ ಹಾಕಿ. ಕ್ಲಾಂಪಿನ ಬೋಲ್ಟುಗಳನ್ನು ಮೊದಲು ಕೈಯಲ್ಲಿ ಹಿಡಿಸಿ, ಬಾರ್ ನಡುವೆ ಬಂತಾ ನೋಡಿ, ಆಮೇಲೆ ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಇಷ್ಟು ಟಾರ್ಕ್, ಆಮೇಲೆ ಇನ್ನು 90 ಡಿಗ್ರಿ ತಿರುಗಿಸಿ ಅಂತ ಪುಸ್ತಕ ಹೇಳುವ ಬೋಲ್ಟುಗಳು ಹಿಗ್ಗುವ ಬೋಲ್ಟುಗಳು. ಅವನ್ನು ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಮೊದಲೇ ತರಿಸಿಟ್ಟುಕೊಂಡಿರಿ. ಎಡ ಬಲ ಎರಡೂ ಲಿಂಕ್ ಒಂದೇ ನಂಬರಿನ ತೂತಿನಲ್ಲಿರಲಿ. ಕೊನೆಯ ಬಿಗಿ ಗಾಡಿಯ ಭಾರ ಚಕ್ರಗಳ ಮೇಲೆ ಬಂದ ನಂತರ ಕೊಡಿ, ಪಿಟ್ ಮೇಲೆ ನಿಲ್ಲಿಸಿದರೆ ಸುಲಭ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ನೋಡಿ.

ಹಾಕಿದ ದಿನವೇ ಘಾಟಿಗೆ ಹೋಗಬೇಡಿ. ಒಣಗಿದ, ಖಾಲಿ ಇರುವ, ನಿಮಗೆ ಚೆನ್ನಾಗಿ ಗೊತ್ತಿರುವ ರಸ್ತೆಯಲ್ಲಿ ನಿಧಾನವಾಗಿ ಗಾಡಿಯನ್ನು ಅರ್ಥ ಮಾಡಿಕೊಳ್ಳಿ. ಮುಂಚೆ ಒಂದು ಅಭ್ಯಾಸ ಇತ್ತು – ತಿರುವಿನ ನಡುವೆ ವೇಗ ಜಾಸ್ತಿ ಅನಿಸಿದರೆ ಆಕ್ಸಿಲರೇಟರ್ ಬಿಡುತ್ತಿದ್ದಿರಿ, ಮೂತಿ ಒಳಗೆ ಬರುತ್ತಿತ್ತು. ಈಗ ಅದೇ ಕೆಲಸ ಮಾಡಿದರೆ ಭಾರ ಮುಂದಕ್ಕೆ ಬಂದು, ಮೊದಲೇ ಹಗುರವಾದ ಹಿಂಭಾಗ ಪಕ್ಕಕ್ಕೆ ಜಾರಬಹುದು. ಸಾಮಾನ್ಯ ಚಾಲಕನಿಗೆ ಮೂತಿ ಹೊರಗೆ ಹೋಗುವುದು ಸುಧಾರಿಸಿಕೊಳ್ಳಬಹುದಾದ ತಪ್ಪು, ಹಿಂಭಾಗ ಹೊರಗೆ ಬರುವುದು ಹಾಗಲ್ಲ. ಅದರಲ್ಲೂ ಜುಲೈ ತಿಂಗಳ ಚಾರ್ಮಾಡಿ ನಿಮಗೇ ಗೊತ್ತು. ಮಂಜು, ರಸ್ತೆ ಮೇಲೆ ಹರಿಯುವ ನೀರು, ತಿರುವಿನಲ್ಲಿ ಎದುರಿಗೆ ಬಸ್ಸು. ಆದ್ದರಿಂದ ಮಳೆಗಾಲದಲ್ಲಿ ಮೆತ್ತನೆಯ ತೂತು ಬಿಟ್ಟು ಕದಲಬೇಡಿ. ಗಾಡಿ ಜಾರದ ಹಾಗೆ ತಾನೇ ಬ್ರೇಕ್ ಹಾಕಿ ಸಂಭಾಳಿಸುವ ಇಎಸ್‌ಸಿ ಯಾವತ್ತೂ ಆಫ್ ಮಾಡಬೇಡಿ. ಹಿಂದಿನ ಟೈರ್ ಮುಂದಿನದಕ್ಕಿಂತ ಸವೆದದ್ದು ಇರಕೂಡದು. ಈ ಕೊನೆಯ ಮಾತನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ.

ಆರ್‌ಟಿಒ ವಿಷಯ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕೆ ವಿರುದ್ಧವಾಗುವ ಹಾಗೆ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿತು. ಸ್ವೇ ಬಾರಿನ ದಪ್ಪ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಆದರೂ ವಿಮೆಯವರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಹಳೆ ಬಾರ್, ಹಳೆ ಕ್ಲಾಂಪ್ ಎಸೆಯಬೇಡಿ, ಬಿಲ್ ಸಮೇತ ಎತ್ತಿಡಿ.

ಪ್ರಶ್ನೆ: ಅಣ್ಣಾ, ನಂದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ. ಹಿಂದೆ ಸ್ವೇ ಬಾರ್ ಹಾಕಿಸೋಣ ಅಂತ ಗಾಡಿ ಎತ್ತಿ ನೋಡಿದರೆ ಹಿಂದೆ ಬಾರೇ ಕಾಣಲಿಲ್ಲ. ಕಂಪನಿಯವರು ಹಾಕೋದನ್ನೇ ಬಿಟ್ಟಿದ್ದಾರಾ?

– ಹುಬ್ಬಳ್ಳಿಯ ಯುವ ಓದುಗ

ಉತ್ತರ: ತಮ್ಮಾ, ಆರ್ಡರ್ ಮಾಡುವ ಮುಂಚೆ ಕೆಳಗೆ ಇಣುಕಿ ನೋಡಿದೆಯಲ್ಲ, ಅದು ತುಂಬಾ ಒಳ್ಳೆ ಕೆಲಸ. ಕಂಪನಿಯವರು ಏನೂ ಬಿಟ್ಟಿಲ್ಲ. ನಿನ್ನ ಗಾಡಿಯ ಹಿಂದೆ ಇರುವುದು ಟ್ವಿಸ್ಟ್ ಬೀಮ್. ಎಡ ಬಲ ತೋಳುಗಳನ್ನು ಸೇರಿಸುವ ಅಡ್ಡ ತೊಲೆ ಕಾಣುತ್ತದಲ್ಲ, ಒಂದು ಚಕ್ರ ಎದ್ದಾಗ ತಿರುಚಿಕೊಂಡು ಸ್ವೇ ಬಾರಿನ ಕೆಲಸ ಮಾಡುವುದು ಅದೇ.

ಆ ತೊಲೆಗೆ ಸೇರಿಸಿ ಬೋಲ್ಟ್ ಮಾಡುವ ಹೆಚ್ಚುವರಿ ಬಾರ್‌ಗಳು ಬೇರೆ ಬೇರೆ ಗಾಡಿಗಳಿಗೆ ಸಿಗುತ್ತವೆ. ಹಾಕುವುದು ಸುಲಭ, ಲಿಂಕ್ ಇಲ್ಲ, ಬುಶ್ ಇಲ್ಲ. ಆದರೆ ತೊಲೆ ಎಷ್ಟು ತಿರುಚಿಕೊಳ್ಳಬೇಕು ಎನ್ನುವುದನ್ನು ಲೆಕ್ಕ ಹಾಕಿಯೇ ಅದರ ಆಕಾರ ಮಾಡಿರುತ್ತಾರೆ. ಎಲ್ಲೋ ಕೊರೆದು, ಬೆಸುಗೆ ಹಾಕಿ ಪಟ್ಟಿ ಸೇರಿಸಿದರೆ ಒತ್ತಡ ಒಂದೇ ಜಾಗಕ್ಕೆ ಬಿದ್ದು ತೊಲೆ ಬಿರುಕು ಬಿಡುತ್ತದೆ. ನಿನ್ನ ಮಾಡೆಲಿಗೆ ಅಂತಲೇ ಮಾಡಿದ, ಇರುವ ತೂತುಗಳಿಗೇ ಕೂರುವ ಕಿಟ್ ಸಿಕ್ಕರೆ ಮಾತ್ರ ಯೋಚಿಸು. ಇಲ್ಲದಿದ್ದರೆ ಅದೇ ದುಡ್ಡಿನಲ್ಲಿ ನಾಲ್ಕು ಒಳ್ಳೆ ಟೈರ್ ಹಾಕಿಸು. ಧಾರವಾಡ ಬೈಪಾಸಿನಲ್ಲಿ ಆಗಲಿ, ದಾಂಡೇಲಿ ಕಾಡಿನ ತಿರುವಿನಲ್ಲಿ ಆಗಲಿ, ವ್ಯತ್ಯಾಸ ಟೈರಿನಲ್ಲೇ ಜಾಸ್ತಿ ಕಾಣುತ್ತದೆ. ಬ್ರೇಕಿಗೂ ಅದೇ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಹಳೆ ಹೋಂಡಾ ಸಿವಿಕ್‌ಗೆ (2009) ಹಿಂದಿನ ಸ್ವೇ ಬಾರ್ ಹಾಕಿಸಿದೆ. ತಿರುವಿನಲ್ಲಿ ತುಂಬಾ ಚೆನ್ನಾಗಿದೆ. ಆದರೆ ಮಳೆ ಶುರುವಾದ ಮೇಲೆ ಹಂಪ್ ದಾಟುವಾಗ ಕಿರ್ ಕಿರ್ ಶಬ್ದ. ಗುಂಡಿಗೆ ಬಿದ್ದರೆ ಟಕ್ ಟಕ್ ಅಂತ ಇನ್ನೊಂದು ಶಬ್ದ. ಹಾಕಿದವರು 'ಸ್ಪೋರ್ಟ್ಸ್ ಬಾರ್ ಅಂದ್ರೆ ಹಂಗೇ ಮೇಡಂ' ಅಂತಾರೆ. ಹೌದಾ?

– ಮೈಸೂರಿನ ಓದುಗರು

ಉತ್ತರ: ಅಲ್ಲ ಮೇಡಂ. ಸರಿಯಾಗಿ ಹಾಕಿದ ಬಾರ್ ಸದ್ದು ಮಾಡುವುದಿಲ್ಲ. ಎರಡು ಶಬ್ದ ಅಂತ ಬಿಡಿಸಿ ಬರೆದಿದ್ದೀರಿ, ಅದರಿಂದ ಕೆಲಸ ಹಗುರವಾಯಿತು.

ಕಿರ್ ಕಿರ್ ಬರುತ್ತಿರುವುದು ಪಾಲಿಯುರೆಥೇನ್ ಬುಶ್‌ನಿಂದ. ಗ್ರೀಸ್ ಕಡಿಮೆ ಹಾಕಿದ್ದಾರೆ, ಇಲ್ಲವೇ ಮಳೆ ನೀರು ಅದನ್ನು ತೊಳೆದುಹಾಕಿದೆ. ಹಂಪಿನ ಮೇಲೆ ಎರಡೂ ಚಕ್ರ ಏಳುವಾಗ ಬಾರ್ ಬುಶ್ ಒಳಗೆ ತಿರುಗುತ್ತದೆ, ಒಣಗಿದ್ದರೆ ಕಿರುಗುಟ್ಟುತ್ತದೆ. ಕ್ಲಾಂಪ್ ಬಿಚ್ಚಿಸಿ, ಹಳೆ ಗ್ರೀಸ್ ಮಣ್ಣು ಒರೆಸಿ, ಪಾಲಿ ಬುಶ್‌ಗೆ ಅಂತಲೇ ಬರುವ ಅಂಟಂಟಾದ, ನೀರಿಗೆ ಜಗ್ಗದ ಗ್ರೀಸ್ ಹಾಕಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಇದನ್ನು ಮಾಡಿಸಿದರೆ ಶಬ್ದ ಬರುವುದಿಲ್ಲ. ಡಬ್ಬಿಯ ಸ್ಪ್ರೇ ಹೊಡೆದರೆ ಎರಡು ದಿನ ಸುಮ್ಮನಿರುತ್ತದೆ, ಮತ್ತೆ ಶುರು.

ಟಕ್ ಟಕ್ ವಿಷಯದಲ್ಲಿ ತಡ ಮಾಡಬೇಡಿ. ಲಿಂಕಿನ ನಟ್ ಸಡಿಲವಾಗಿರಬಹುದು, ಬಾಲ್ ಜಾಯಿಂಟ್ ಹೋಗಿರಬಹುದು, ಅಥವಾ ಬಾರ್ ಒಂದು ಕಡೆ ಜರುಗಿ ಬೇರೆ ಯಾವುದಕ್ಕೋ ತಾಗುತ್ತಿರಬಹುದು. ಹೊಸ ಬಾರಿಗೆ ಹಳೆಯ ಲಿಂಕುಗಳನ್ನೇ ಹಾಕಿದ್ದರೆ ನನ್ನ ಅನುಮಾನ ಅದರ ಮೇಲೆ. ಗಟ್ಟಿ ಬಾರ್ ಬಂದಾಗ ಹಳೆ ಲಿಂಕ್ ಮೇಲೆ ಒತ್ತಡ ಏರುತ್ತದೆ. ಗಾಡಿಯನ್ನು ನೆಲದ ಮೇಲೇ ನಿಲ್ಲಿಸಿ, ಲಿಂಕನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಡಿಲ ಇದೆಯಾ ಗೊತ್ತಾಗುತ್ತದೆ. ಬಾರ್ ಮೇಲೆ, ಸುತ್ತಲಿನ ತೋಳುಗಳ ಮೇಲೆ ಬಣ್ಣ ಕಿತ್ತು ಹೊಳೆಯುವ ಗುರುತು ಇದೆಯಾ ಟಾರ್ಚ್ ಹಾಕಿ ನೋಡಿ. ಬ್ರೇಕ್ ಪೈಪಿನ ಹತ್ತಿರ ಅಂಥ ಗುರುತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಸರಿ ಮಾಡಿಸಿದ ಮೇಲೆಯೇ ಓಡಿಸಿ. 'ಹಂಗೇ ಇರುತ್ತೆ' ಅಂದವರ ಹತ್ತಿರ ಮತ್ತೆ ಹೋಗಬೇಡಿ. ಬೇರೆಯವರಿಗೆ ತೋರಿಸಿ.

ಪ್ರಶ್ನೆ: ನಾನು ಅಮೆರಿಕದ ಮಿಶಿಗನ್‌ನಲ್ಲಿದ್ದೇನೆ, ಮೂಲ ಸಕಲೇಶಪುರ. ಇಲ್ಲಿ 2005ರ ಸುಬಾರು ಡಬ್ಲ್ಯುಆರ್‌ಎಕ್ಸ್ ಸೆಡಾನ್ ತಗೊಂಡಿದ್ದೇನೆ. ಹಿಂದಿನ ಸ್ವೇ ಬಾರ್ ದಪ್ಪದ್ದು ತರಿಸಿಟ್ಟಿದ್ದೇನೆ, ಈ ವಾರಾಂತ್ಯ ಗ್ಯಾರೇಜಿನಲ್ಲಿ ನಾನೇ ಹಾಕಬೇಕೆಂದಿದ್ದೇನೆ. ಏನಾದರೂ ಎಚ್ಚರಿಕೆ?

– ಮಿಶಿಗನ್‌ನ ಓದುಗರು

ಉತ್ತರ: ನಿಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಅಷ್ಟು ಹಳೆಯ ಗಾಡಿಯ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿರುತ್ತವೆ. ಶನಿವಾರ ಕೆಲಸ ಅಂದರೆ ಗುರುವಾರದಿಂದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಬನ್ನಿ. ತಿರುಗದ ಬೋಲ್ಟಿಗೆ ಜೋರು ಮಾಡಬೇಡಿ. ಸ್ವಲ್ಪ ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಿಗಿ ಮಾಡಿ, ಮತ್ತೆ ಬಿಚ್ಚಿ. ತುಂಡಾಗಿ ಒಳಗೆ ಉಳಿದರೆ ಕೊರೆದು ತೆಗೆಯುವುದು ದಿನದ ಕೆಲಸ. ಲಿಂಕ್ ಮತ್ತು ಬೋಲ್ಟುಗಳ ಹೊಸ ಸೆಟ್ ಮೊದಲೇ ಮನೆಯಲ್ಲಿರಲಿ.

ಇದಕ್ಕಿಂತ ಮುಖ್ಯವಾದದ್ದು ಬ್ರಾಕೆಟ್. ನಿಮ್ಮ ಡಬ್ಲ್ಯುಆರ್‌ಎಕ್ಸ್ ಸೇರಿದ ಆ ತಲೆಮಾರಿನ ಇಂಪ್ರೆಜಾಗಳಲ್ಲಿ ಹಿಂದಿನ ಬಾರ್ ಹಿಡಿದುಕೊಳ್ಳುವ ಕಂಪನಿಯ ಬ್ರಾಕೆಟ್ ತೆಳುವಾದ ತಗಡಿನದ್ದು. ದಪ್ಪ ಬಾರ್ ಹಾಕಿ ಜೋರಾಗಿ ಓಡಿಸಿದರೆ ಅದು ಬಗ್ಗುತ್ತದೆ, ಕೆಲವು ಸಲ ಹರಿಯುತ್ತದೆ. ಇದು ಆ ಗಾಡಿಗಳ ಗೊತ್ತಿರುವ ಕಾಯಿಲೆ. ಬಲಪಡಿಸಿದ ಬ್ರಾಕೆಟ್ ಸೆಟ್ ಅಲ್ಲಿ ಸುಲಭವಾಗಿ ಸಿಗುತ್ತದೆ. ನಿಮ್ಮದು ನಾಲ್ಕೂ ಚಕ್ರ ಎಳೆಯುವ ಗಾಡಿ. ಹಿಂದಿನ ಬಾರ್ ಗಟ್ಟಿಯಾದರೆ ಮೂತಿ ಒಳಗೆ ಬರುವುದು ಇದರಲ್ಲೂ ನಿಜ. ಆದರೆ ಹಿಮದಲ್ಲಿ, ಕಪ್ಪು ಐಸ್ (ರಸ್ತೆಯ ಮೇಲೆ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ) ಮೇಲೆ ಹಿಂಭಾಗದ ಹಿಡಿತ ನಿಮಗೆ ಬೇಕೇ ಬೇಕು. ನವೆಂಬರ್ ಬರುವಾಗ ಚಳಿಗಾಲದ ಟೈರ್ ಹಾಕಿಸುವ ದಿನವೇ ಲಿಂಕನ್ನು ಮೆತ್ತನೆಯ ತೂತಿಗೆ ತನ್ನಿ.

ಬ್ರಾಕೆಟ್ ಇನ್ನೂ ತರಿಸಿಲ್ಲವಾದರೆ ಈ ವಾರದ ಕೆಲಸ ಮುಂದಕ್ಕೆ ಹಾಕಿ. ಎಣ್ಣೆ ಹೊಡೆಯುವುದನ್ನು ಮಾತ್ರ ಇವತ್ತೇ ಶುರು ಮಾಡಿ.